ನೀರಿನ ಟ್ಯಾಂಕಿನ ಗೋಪುರದ ಕೆಳಗೆ ಮನೆ ಕೊಳ್ಳುತ್ತಿರುವ ಕನ್ನಡಿಗರಿಗೆ

ಬ್ರಿಟನ್ನಿನಲ್ಲಿರುವ ಅಣ್ಣ ತಮ್ಮ ಅಕ್ಕ ತಂಗಿಯರೇ,

ಹೋದ ತಿಂಗಳು ನಮ್ಮ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಒಂದು ಪ್ರಶ್ನೆ ಹಾಕಿದ್ದರು. ಲಂಡನ್ನಿನ ಅಂಚಿನಲ್ಲಿ ಒಂದು ಫ್ಲ್ಯಾಟ್ ನೋಡಿ ಬಂದಿದ್ದಾರೆ. ಎತ್ತರದ ಸೀಲಿಂಗು, ಆಳೆತ್ತರದ ಕಿಟಕಿಗಳು, ಸುತ್ತ ಹಳೇ ಮರಗಳ ತೋಪು. ರೇಟೂ ಪರವಾಗಿಲ್ಲ. ಆದರೆ ಅದು ಒಂದು ಕಾಲಕ್ಕೆ ಹುಚ್ಚಾಸ್ಪತ್ರೆ ಆಗಿತ್ತು ಅಂತ ಯಾರೋ ಕಿವಿಗೆ ಹಾಕಿದ್ದಾರೆ. ಅವರು ಕೇಳಿದ್ದು ಇಷ್ಟೇ: "ಗೃಹಪ್ರವೇಶಕ್ಕೆ ಮುಂಚೆ ಯಾವ ಶಾಂತಿ ಮಾಡಿಸಬೇಕು? ಪುರೋಹಿತರ ನಂಬರ್ ಇದ್ದರೆ ಕೊಡಿ."

ಉತ್ತರಗಳು ಸುರಿದವು. ಒಬ್ಬರು ಉದಕಶಾಂತಿ ಅಂದರು. ಒಬ್ಬರು ಬೇಡವೇ ಬೇಡ, ಮಾರುವಾಗ ಗಿರಾಕಿ ಸಿಗಲ್ಲ ಅಂದರು. ಇನ್ನೊಬ್ಬರು, "ಒಳ್ಳೇದಾಯ್ತು ಬಿಡಿ, ಇ.ಎಂ.ಐ. ಕಟ್ಟಿ ಕಟ್ಟಿ ಹೇಗೂ ಹುಚ್ಚು ಹಿಡಿಯುತ್ತೆ, ಜಾಗ ಬದಲಾಯಿಸೋ ಕೆಲಸ ಇಲ್ಲ" ಎಂದು ನಗುವ ಮುಖ ಹಾಕಿದರು. ನನಗೂ ನಗು ಬಂತು, ಸುಳ್ಳೇಕೆ ಹೇಳಲಿ. ಏನೋ ಬರೆಯಲು ಹೋಗಿ ಅಳಿಸಿದೆ. ಫೋನಿನಲ್ಲಿ ಬರೆಯುವಷ್ಟು ಚಿಕ್ಕ ವಿಷಯವಲ್ಲ ಅದು. ಅದಕ್ಕೇ ಈ ಪತ್ರ.

ನಾನು ಹಾವೇರಿ ಕಡೆಯವಳು. ಇಲ್ಲಿ ಮಾನಸಿಕ ಆರೋಗ್ಯದ ವಾರ್ಡೊಂದರಲ್ಲಿ ನರ್ಸ್. ನಮ್ಮ ಕಡೆ ಯಾರಾದರೂ ತಿಕ್ಕಲು ತಿಕ್ಕಲಾಗಿ ಮಾತಾಡಿದರೆ "ಇವನ್ನ ಧಾರವಾಡಕ್ಕೆ ಕಳಿಸ್ರಿ" ಅನ್ನುತ್ತಾರೆ. ಬೆಂಗಳೂರಿನವರು ನಿಮ್ಹಾನ್ಸ್ ಹೆಸರು ಹೇಳುತ್ತಾರೆ. ಒಂದು ಕಾಲಕ್ಕೆ ಲಂಡನ್ನಿನವರು "ಕೋಲ್ನಿ ಹ್ಯಾಚ್" ಅನ್ನುತ್ತಿದ್ದರು. ಅದಕ್ಕೂ ಹಿಂದೆ "ಬೆಡ್ಲಂ". ಊರು ಯಾವುದಾದರೂ ಆಗಲಿ, ಜನರಿಗೆ ಬೈಯಲು ಒಂದು ಆಸ್ಪತ್ರೆಯ ಹೆಸರು ಬೇಕೇ ಬೇಕು.

ಇಂಥ ಕಟ್ಟಡವನ್ನು ಗುರುತಿಸುವುದು ಕಷ್ಟವಲ್ಲ. ಮೊದಲು ನೀರಿನ ಗೋಪುರ ಹುಡುಕಿ. ಊರಿಂದ ಹೊರಗೆ ಸಾವಿರಾರು ಜನ ಇರಬೇಕೆಂದರೆ ನೀರು ಬೇಕಲ್ಲ, ಅದಕ್ಕೆ ಮೈಲಿ ದೂರಕ್ಕೆ ಕಾಣುವ ಟ್ಯಾಂಕು. ಆಮೇಲೆ ಉದ್ದದ ಕಟ್ಟಡ, ಒಂದು ಕಡೆ ಗಂಡಸರ ಸಾಲು, ಇನ್ನೊಂದು ಕಡೆ ಹೆಂಗಸರ ಸಾಲು, ನಡುವೆ ಪ್ರಾರ್ಥನಾ ಮಂದಿರ. ಸ್ವಂತ ಹೊಲ, ಬೇಕರಿ, ದೋಬಿಖಾನೆ. ಗಂಡಸರು ಹೊಲದಲ್ಲಿ ದುಡಿಯುತ್ತಿದ್ದರು. ಹೆಂಗಸರು ಬಟ್ಟೆ ಒಗೆಯುತ್ತಿದ್ದರು, ಹೊಲಿಯುತ್ತಿದ್ದರು. ತೋಟದ ಅಂಚಿನಲ್ಲಿ ಒಂದು ಹಳ್ಳ ಸಿಕ್ಕರೆ ಅದನ್ನೂ ನೋಡಿ. ಅದಕ್ಕೆ ಇಲ್ಲಿ "ಹಾ-ಹಾ" ಅನ್ನುತ್ತಾರೆ. ಹಳ್ಳದೊಳಗೆ ಗೋಡೆ ಇಳಿಬಿಟ್ಟಿರುತ್ತಾರೆ. ದೂರದಿಂದ ನೋಡಿದವರಿಗೆ ಗೋಡೆ ಇದೆ ಅಂತಲೇ ಅನ್ನಿಸುವುದಿಲ್ಲ, ಬಯಲು ಚಂದ ಕಾಣುತ್ತದೆ. ಒಳಗಿನವರು ಓಡಿ ಹೋಗಿ ಹತ್ತಲು ನೋಡಿದರೆ ಮಾತ್ರ ಆಳೆತ್ತರದ ಗೋಡೆ. ಈಗ ಮಾರಾಟದ ಚಿತ್ರಗಳಲ್ಲಿ ಅದು "ಐತಿಹಾಸಿಕ ಉದ್ಯಾನದ ಅಂದ".

ನಾನೂ ಒಮ್ಮೆ ಇಂಥ ಒಂದು ಕಡೆ ಮನೆ ನೋಡಲು ಹೋಗಿದ್ದೆ. ಎಲ್ಲಿ, ಯಾರ ಮೂಲಕ ಅಂತ ಹೇಳುವುದಿಲ್ಲ. ತೋರಿಸಿದ ಹುಡುಗ ಅಡುಗೆಮನೆಯ ಕಲ್ಲು ಯಾವ ದೇಶದ್ದು ಅಂತ ಹೇಳಿದ. ಕಟ್ಟಡ ಏನಾಗಿತ್ತು ಅಂತ ಕೇಳಿದ್ದಕ್ಕೆ, "ಹಳೇ ಬಂಗಲೆ ಇರಬೇಕು" ಅಂದ. ನೂರಾರು ಕಿಟಕಿಯ ಬಂಗಲೆ! ಆ ಹುಡುಗನ ತಪ್ಪಲ್ಲ, ಅವನಿಗೂ ಯಾರೂ ಹೇಳಿರಲಿಲ್ಲ ಅಂತ ಕಾಣುತ್ತೆ.

ಇಂಥ ಆಸ್ಪತ್ರೆಗಳನ್ನು ಇಲ್ಲಿ ಅಸೈಲಂ ಅನ್ನುತ್ತಿದ್ದರು. ಆ ಪದ ಗ್ರೀಕಿನಿಂದ ಬಂದದ್ದು. ಯಾರೂ ಕೈಹಾಕಿ ಎಳೆದೊಯ್ಯಲಾಗದ ಜಾಗ ಅಂತ ಅರ್ಥ. ಆಶ್ರಯ. ನಿರಾಶ್ರಿತರು ಈಗ ಈ ದೇಶದಲ್ಲಿ ಅರ್ಜಿ ಹಾಕಿ ಕೇಳುವುದೂ ಅದೇ ಪದವನ್ನೇ. ಅಷ್ಟು ಒಳ್ಳೆಯ ಪದ ಬೈಗುಳವಾಗಿದ್ದು ಹೇಗೆ?

ಇವುಗಳಲ್ಲಿ ಎಲ್ಲಕ್ಕೂ ಹಳೆಯದು ಬೆತ್ಲೆಹೆಮ್. 1247ರಲ್ಲಿ ಲಂಡನ್ನಿನ ಬಿಷಪ್ಸ್‌ಗೇಟ್ ಬಳಿ ಒಂದು ಮಠವಾಗಿ ಶುರುವಾಯಿತು. 1400ರ ಹೊತ್ತಿಗೆ ಅಲ್ಲಿ ಬುದ್ಧಿ ಕೆಟ್ಟವರನ್ನು ಇಟ್ಟುಕೊಳ್ಳುತ್ತಿದ್ದರು. ಆ ಹೆಸರೇ ಜನರ ಬಾಯಲ್ಲಿ ಸವೆದು ಬೆಡ್ಲಂ ಆಯಿತು. 1676ರಲ್ಲಿ ಮೂರ್‌ಫೀಲ್ಡ್ಸ್‌ನಲ್ಲಿ ಅರಮನೆಯಂಥ ಕಟ್ಟಡ ಎದ್ದಿತು. ಲಂಡನ್ನಿನವರು ಕಾಣಿಕೆ ಡಬ್ಬಿಗೆ ಕಾಸು ಹಾಕಿ ಒಳಗೆ ಹೋಗಿ ಹುಚ್ಚರನ್ನು ನೋಡಿ ಬರುತ್ತಿದ್ದರು, ನಾವು ಜಾತ್ರೆಯಲ್ಲಿ ಡೇರೆಯೊಳಗೆ ಹೋದ ಹಾಗೆ. 1770ರವರೆಗೂ ಅದು ನಡೆಯಿತು. 1815ರಲ್ಲಿ ಆಸ್ಪತ್ರೆ ಸದರ್ಕ್‌ನ ಮೂರನೇ ಕಟ್ಟಡಕ್ಕೆ ಹೋಯಿತು. ಅದು ಈಗ ಇಂಪೀರಿಯಲ್ ವಾರ್ ಮ್ಯೂಸಿಯಂ. ಟಿಕೆಟ್ ಇಲ್ಲ ಅಂತ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋದವರು ನಿಮ್ಮಲ್ಲಿ ಎಷ್ಟೋ ಜನ ಇದ್ದೀರಿ. ಫಿರಂಗಿ ನೋಡಿದ್ದೀರಿ, ವಿಮಾನ ನೋಡಿದ್ದೀರಿ. ಆ ಗುಮ್ಮಟದ ಕೆಳಗಿದ್ದದ್ದು ಬೆಡ್ಲಂ.

1814ರಲ್ಲಿ ಎಡ್ವರ್ಡ್ ವೇಕ್‌ಫೀಲ್ಡ್ ಎಂಬವರು ಹಳೇ ಬೆಡ್ಲಮ್ಮಿಗೆ ಭೇಟಿ ಕೊಟ್ಟರು. ಜೇಮ್ಸ್ ನಾರಿಸ್ ಎಂಬ ಅಮೆರಿಕದ ನಾವಿಕ ಸೈನಿಕ ಅಲ್ಲಿದ್ದ. ಕುತ್ತಿಗೆಗೆ ಕಬ್ಬಿಣದ ಬಳೆ, ಮೈಗೆ ಕಬ್ಬಿಣದ ಪಟ್ಟಿ, ಎಲ್ಲ ಸೇರಿಸಿ ಗೋಡೆಯ ಕಂಬಕ್ಕೆ ಬಿಗಿದಿದ್ದರು. ಹಾಗೆ ಹತ್ತು ವರ್ಷದ ಮೇಲಾಗಿತ್ತು. ಅವನು ಪತ್ರಿಕೆ ಓದುತ್ತಿದ್ದ, ರಾಜಕೀಯ ಮಾತಾಡುತ್ತಿದ್ದ. ಅವನ ಚಿತ್ರ ಊರೆಲ್ಲ ಹಬ್ಬಿ, ಮರುವರ್ಷ ಸಂಸತ್ತಿನ ಸಮಿತಿ ವಿಚಾರಣೆಗೆ ಕೂತಿತು.

ನನಗೆ ಜಾಸ್ತಿ ಕಾಡುವುದು ಯಾರ್ಕ್ ಊರಿನ ಕಥೆ. ಹನ್ನಾ ಮಿಲ್ಸ್ ಎಂಬ ವಿಧವೆ. ಲೀಡ್ಸ್‌ನವಳು, ಕ್ರೈಸ್ತರಲ್ಲಿ ಕ್ವೇಕರ್ ಎಂಬ ಪಂಥದವಳು. 1790ರಲ್ಲಿ ಅವಳನ್ನು ಯಾರ್ಕ್ ಅಸೈಲಂಗೆ ಸೇರಿಸಿದರು. ಅವಳ ಪಂಥದ ಜನ ನೋಡಲು ಹೋದರೆ ಬಾಗಿಲಲ್ಲೇ ತಡೆದರು. ಸೇರಿ ಆರು ವಾರಕ್ಕೆ ಅವಳು ಸತ್ತಳು. ಒಳಗೆ ಏನಾಯಿತು ಅಂತ ಯಾರೂ ಬಾಯಿಬಿಡಲಿಲ್ಲ.

ಅದೇ ಊರಿನಲ್ಲಿ ವಿಲಿಯಂ ಟ್ಯೂಕ್ ಎಂಬ ಚಹಾ ವ್ಯಾಪಾರಿ ಇದ್ದ, ಅವನೂ ಕ್ವೇಕರ್. ಅರವತ್ತರ ಹತ್ತಿರದ ವಯಸ್ಸು. ವೈದ್ಯನೂ ಅಲ್ಲ, ಏನೂ ಅಲ್ಲ. ನಮ್ಮವರಿಗೆ ನಾವೇ ಒಂದು ಮನೆ ಮಾಡೋಣ ಎಂದು ದುಡ್ಡು ಕೂಡಿಸಿದ. 1796ರಲ್ಲಿ ಮನೆ ತೆರೆಯಿತು. ಸುಮಾರು ಮೂವತ್ತು ಜನರಿಗೆ ಜಾಗ. ಆಸ್ಪತ್ರೆ, ಅಸೈಲಂ ಅನ್ನುವ ಪದವೇ ಬೇಡ ಅಂತ ಅವನ ಸೊಸೆ "ರಿಟ್ರೀಟ್" ಎಂಬ ಹೆಸರು ಸೂಚಿಸಿದಳು. ಕಿಟಕಿಗೆ ಸರಳು ಹಾಕಲಿಲ್ಲ. ಕಬ್ಬಿಣದ ಚೌಕಟ್ಟನ್ನೇ ಮರದ ಕಿಟಕಿಯ ಹಾಗೆ ಕಾಣುವಂತೆ ಮಾಡಿಸಿದರು. ಅಂಗಳದಲ್ಲಿ ಮೊಲ, ಕೋಳಿ, ಕಡಲಹಕ್ಕಿ ಬಿಟ್ಟರು. ಒಳ್ಳೇ ಬಟ್ಟೆ ಹಾಕಿಸಿ ಕೂರಿಸಿ ಚಹಾ ಕೊಟ್ಟರು. ಸರಪಳಿ ಇಲ್ಲ. ಸರಪಳಿ ಕಾಲಿನಿಂದ ಮನಸ್ಸಿಗೆ ಹೋಯಿತು ಅಷ್ಟೇ, ದೊಡ್ಡವರನ್ನು ಮಕ್ಕಳ ಹಾಗೆ ನಡೆಸಿಕೊಂಡರು ಎಂದು ಆಮೇಲಿನವರು ಟೀಕೆ ಮಾಡಿದ್ದುಂಟು. ಅದರಲ್ಲಿ ಹುರುಳಿಲ್ಲ ಅನ್ನಲಾರೆ. ಆದರೆ ರಾತ್ರಿ ಪಾಳಿಯಲ್ಲಿ ಹೆದರಿ ನಡುಗುವ ಒಬ್ಬರಿಗೆ ಒಂದು ಕಪ್ ಚಹಾ ಮಾಡಿಕೊಟ್ಟು ಪಕ್ಕದಲ್ಲಿ ಕೂತಿದ್ದರೆ ಏನಾಗುತ್ತದೆ ಅಂತ ನಾನು ಕಣ್ಣಾರೆ ನೋಡಿದ್ದೇನೆ. ಟ್ಯೂಕ್ ಚಹಾ ಮಾರುವವನಾಗಿದ್ದು ಸುಮ್ನೆ ಅಲ್ಲ ಅನ್ನಿಸುತ್ತದೆ.

ಮೂವತ್ತು ಜನರ ಮನೆಯಲ್ಲಿ ಆದದ್ದು ಎರಡು ಸಾವಿರ ಜನರ ಮನೆಯಲ್ಲಿ ಆಗುತ್ತದೆಯೇ? ಆಗುತ್ತದೆ ಅಂತ ನಂಬಿದರು. ನಂಬಿಕೆ ಪ್ರಾಮಾಣಿಕವಾದದ್ದೇ. ಹ್ಯಾನ್‌ವೆಲ್‌ನ ದೊಡ್ಡ ಅಸೈಲಂಗೆ 1839ರಲ್ಲಿ ಬಂದ ಡಾಕ್ಟರ್ ಜಾನ್ ಕಾನಲಿ ಕೆಲವೇ ತಿಂಗಳಲ್ಲಿ ಬೇಡಿ ಸರಪಳಿ ಎಲ್ಲ ತೆಗೆಸಿದರು. ಆರೇ ವರ್ಷಕ್ಕೆ, 1845ರಲ್ಲಿ, ಪ್ರತಿ ಕೌಂಟಿಯೂ ಬಡ ರೋಗಿಗಳಿಗೆ ಅಸೈಲಂ ಕಟ್ಟಲೇಬೇಕು ಎಂಬ ಕಾನೂನು ಬಂತು. ಲಾರ್ಡ್ ಶಾಫ್ಟ್ಸ್‌ಬರಿ ಬದುಕಿನುದ್ದಕ್ಕೂ ಅದರ ಮೇಲ್ವಿಚಾರಣೆಗೆ ನಿಂತರು. ಲಂಡನ್ನಿನ ಕೋಲ್ನಿ ಹ್ಯಾಚ್ ಅಸೈಲಂಗೆ 1849ರಲ್ಲಿ ರಾಣಿ ವಿಕ್ಟೋರಿಯಾಳ ಗಂಡ ಆಲ್ಬರ್ಟ್ ಬಂದು ಅಡಿಗಲ್ಲು ಹಾಕಿದ. 1851ರಲ್ಲಿ ಬಾಗಿಲು ತೆರೆಯಿತು. ಪಕ್ಕದಲ್ಲೇ ರೈಲು ನಿಲ್ದಾಣ. ಸುಮಾರು 1,250 ಜನರಿಗೆಂದು ಕಟ್ಟಿದ್ದು ಕೊನೆಗೆ ಎರಡು ಸಾವಿರ ದಾಟಿತು.

ವಾಸಿಯಾಗಿ ಹೋಗುತ್ತಾರೆ ಅಂದುಕೊಂಡಿದ್ದರು. ಹೋಗಲಿಲ್ಲ. ಮೂರ್ಛೆ ರೋಗದವರು, ಮುಪ್ಪಿನಲ್ಲಿ ಮರೆವು ಹತ್ತಿದವರು, ಸಿಫಿಲಿಸ್‌ನಿಂದ ಲಕ್ವ ಹೊಡೆದವರು, ಮನೆಯವರಿಗೆ ಬೇಡವಾದವರು, ಎಲ್ಲರೂ ಅಲ್ಲಿಗೇ ಬಂದು ಸೇರಿದರು. 1900ರ ಹೊತ್ತಿಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹುಚ್ಚರೆಂದು ಸರ್ಕಾರಿ ಲೆಕ್ಕದಲ್ಲಿದ್ದವರು ಒಂದು ಲಕ್ಷ ದಾಟಿದ್ದರು. ಜಾಗ ಸಾಲದೆ ಕೋಲ್ನಿ ಹ್ಯಾಚ್‌ನಲ್ಲಿ ಮರದ ತಾತ್ಕಾಲಿಕ ಶೆಡ್ಡು ಹಾಕಿದ್ದರು. 1903ರ ಜನವರಿಯಲ್ಲಿ ಅದಕ್ಕೆ ಬೆಂಕಿ ಬಿತ್ತು. ಐವತ್ತಕ್ಕೂ ಹೆಚ್ಚು ಹೆಂಗಸರು ಸುಟ್ಟು ಸತ್ತರು. ತಾತ್ಕಾಲಿಕ ಶೆಡ್ಡು ಅಂದರೆ ಏನು ಅಂತ ನಮ್ಮ ದೇಶದವರಿಗೆ ಬಿಡಿಸಿ ಹೇಳಬೇಕಿಲ್ಲ.

ಅಲ್ಲಿಂದ ಮುಂದೆ ಹೆಸರು ಬದಲಾಯಿಸುವ ಕಾಲ. ಒಂದು ತಮಾಷೆ ನೋಡಿ. ಬೆಂಗಳೂರಿನಲ್ಲಿ ಮೈಸೂರು ಸರ್ಕಾರ 1925ರಲ್ಲೇ "ಲುನಾಟಿಕ್ ಅಸೈಲಂ" ಬೋರ್ಡು ಇಳಿಸಿ "ಮೆಂಟಲ್ ಹಾಸ್ಪಿಟಲ್" ಅಂತ ಹಾಕಿತ್ತು. ಬ್ರಿಟನ್ನಿನ ಕಾನೂನು ಆ ಪದ ಬಿಟ್ಟಿದ್ದು 1930ರಲ್ಲಿ. ಕೋಲ್ನಿ ಹ್ಯಾಚ್ 1937ರಲ್ಲಿ ಫ್ರೈಯರ್ನ್ ಆಸ್ಪತ್ರೆ ಆಯಿತು. ಬೋರ್ಡು ಹೊಸದು, ಬೀಗದ ಕೈ ಹಳೇದು.

ಫ್ರೈಯರ್ನ್‌ನಲ್ಲೇ 1965ರಲ್ಲಿ ಬಾರ್ಬರಾ ರಾಬ್ ಎಂಬುವರು ಪರಿಚಯದ ಮುದುಕಿಯೊಬ್ಬರನ್ನು ನೋಡಲು ಹೋದರು. ವಾರ್ಡಿನಲ್ಲಿ ಮುದುಕಿಯರ ಕನ್ನಡಕ ಕಿತ್ತಿಟ್ಟಿದ್ದರು. ಹಲ್ಲಿನ ಸೆಟ್ಟು, ಕಿವಿಯ ಮೆಷಿನ್ನು ಕಿತ್ತಿಟ್ಟಿದ್ದರು. ಕಳೆದು ಹೋಗುತ್ತವೆ, ಜಗಳ ಆಗುತ್ತದೆ, ಅದಕ್ಕೆ. ಎರಡು ವರ್ಷ ಓಡಾಡಿ, ಬೇರೆ ಆಸ್ಪತ್ರೆಗಳ ನರ್ಸುಗಳ ಮಾತನ್ನೂ ಸೇರಿಸಿ, ಅವರು ಅದನ್ನೆಲ್ಲ ಪ್ರಕಟಿಸಿದರು. ದೊಡ್ಡವರು ಉರಿದು ಬಿದ್ದರು. ನರ್ಸ್ ಆದವಳಿಗೆ ಇದು ಓದಲು ಕಷ್ಟ. ಕ್ರೂರಿಗಳು ಮಾಡಿದ್ದಲ್ಲ ಅದು. ಕೈಗೆ ಹತ್ತು ಕೆಲಸ ಇದ್ದ, ಸಾಕಾಗಿ ಹೋದ, ನನ್ನಂಥವರೇ ಮಾಡಿದ್ದು.

ನಾನು ಹೊಸದಾಗಿ ಬಂದಾಗ ಒಂದು ವೃದ್ಧಾಶ್ರಮದಲ್ಲಿ ಕೆಲಸ ಮಾಡುತ್ತಿದ್ದೆ. ಅಲ್ಲಿ ಒಬ್ಬ ಅಜ್ಜಿ ಇದ್ದರು. ಹಳೇ ಅಸೈಲಂ ಮುಚ್ಚಿದಾಗ ಅಲ್ಲಿಂದ ಬಂದವರು. ನಮ್ಮ ಬಾಗಿಲುಗಳಿಗೆ ಬೀಗವೇ ಇರಲಿಲ್ಲ, ದೂಡಿದರೆ ಸಾಕು. ಆದರೂ ಅಜ್ಜಿ ಪ್ರತಿ ಬಾಗಿಲ ಮುಂದೆ ಕೈ ಇಳಿಬಿಟ್ಟುಕೊಂಡು ನಿಂತುಬಿಡುತ್ತಿದ್ದರು. ಬೀಗದ ಕೈ ಇರುವವರು ಬರಲಿ ಅಂತ. ನಾನು ಬಂದು ಬಾಗಿಲು ದೂಡಿದರೆ "ಥ್ಯಾಂಕ್ಯೂ ನರ್ಸ್" ಅನ್ನುತ್ತಿದ್ದರು. ಮರುದಿನ ಮತ್ತೆ ಅದೇ.

ಹುಚ್ಚಾಸ್ಪತ್ರೆ ಒಂದೇ ಅಲ್ಲ. ಈ ದೇಶದ ಧರ್ಮಛತ್ರಗಳ, ಅನಾಥಾಲಯಗಳ ಕಥೆಯಲ್ಲೂ ಒಂದು ಮಾತು ಮರಳಿ ಮರಳಿ ಬರುತ್ತದೆ. ಸೂರು ಕೊಟ್ಟರು, ಹೆಸರು ತೆಗೆದುಕೊಂಡರು.

ಬ್ಲೂಮ್ಸ್‌ಬರಿಯಲ್ಲಿ ಕೋರಮ್ಸ್ ಫೀಲ್ಡ್ಸ್ ಅಂತ ಮಕ್ಕಳ ಆಟದ ಬಯಲಿದೆ. ಅಲ್ಲಿಗೆ ಮಗು ಜೊತೆಗಿಲ್ಲದ ದೊಡ್ಡವರನ್ನು ಬಿಡುವುದಿಲ್ಲ. ಆ ಜಾಗದಲ್ಲಿ ಇದ್ದದ್ದು ಫೌಂಡ್ಲಿಂಗ್ ಹಾಸ್ಪಿಟಲ್ ಎಂಬ ಅನಾಥಾಲಯ. ಥಾಮಸ್ ಕೋರಮ್ ಎಂಬ ಹಡಗಿನ ಕ್ಯಾಪ್ಟನ್, ರಸ್ತೆ ಬದಿಯಲ್ಲಿ ಬಿಟ್ಟುಹೋದ ಕೂಸುಗಳನ್ನು ನೋಡಲಾರದೆ, ಹದಿನೇಳು ವರ್ಷ ಶ್ರೀಮಂತರ ಬಾಗಿಲಿಂದ ಬಾಗಿಲಿಗೆ ಅಲೆದು, 1739ರಲ್ಲಿ ರಾಜನ ಅಪ್ಪಣೆ ಪಡೆದ. 1741ರಲ್ಲಿ ಮೊದಲ ಕೂಸುಗಳು ಬಂದವು. ಜನ ನೂಕುನುಗ್ಗಲು ಮಾಡಿದರು. ಆಗ ಲಾಟರಿ ಶುರುವಾಯಿತು. ತಾಯಿ ಚೀಲದೊಳಗೆ ಕೈ ಹಾಕಬೇಕು. ಬಿಳಿ ಚೆಂಡು ಬಂದರೆ ಮಗು ಒಳಗೆ. ಕರಿ ಚೆಂಡು ಬಂದರೆ ಮನೆಗೆ. ಕೆಂಪು ಬಂದರೆ ಕಾಯಬೇಕು. ಅದನ್ನು ನೋಡಲು ದೊಡ್ಡ ಮನೆತನದ ಹೆಂಗಸರು ಬಂದು ಕೂರುತ್ತಿದ್ದರಂತೆ.

ಒಳಗೆ ಹೋದ ಮಗುವಿಗೆ ಹೊಸ ಹೆಸರು ಇಡುತ್ತಿದ್ದರು. ಮೊದಮೊದಲು ದಾನಿಗಳ ಹೆಸರು, ಆಮೇಲೆ ಸಿಕ್ಕಿದ ಹೆಸರು. ಹಳೆಯ ಗುರುತಿಗೆ ಉಳಿಯುತ್ತಿದ್ದದ್ದು ಒಂದು ಚೀಟಿ, ಅದಕ್ಕೆ ಪಿನ್ ಮಾಡಿದ ಒಂದು ತುಂಡು ಬಟ್ಟೆ. ಮಗುವಿನ ಅಂಗಿಯ ತೋಳಿನಿಂದಲೋ ತಾಯಿಯ ಲಂಗದಿಂದಲೋ ಕತ್ತರಿಸಿದ್ದು. ಮುಂದೆ ಯಾವತ್ತಾದರೂ ತಾಯಿ ಬಂದರೆ ಅವಳ ಕೈಲಿರುವ ತುಂಡಿಗೆ ಇದು ಕೂಡಬೇಕು. ಹೂವಿನ ಅಚ್ಚಿನ ಹತ್ತಿ ಬಟ್ಟೆ, ಪಟ್ಟೆ ಪಟ್ಟೆ ಲಿನನ್, ಕೆಂಪು ರಿಬ್ಬನ್. ಅಂಥ ಸುಮಾರು ಐದು ಸಾವಿರ ತುಂಡುಗಳು ಈಗಲೂ ಇವೆ, ಬಣ್ಣ ಮಾಸಿಲ್ಲ. ಕಡತದೊಳಗೆ ಮುಚ್ಚಿದ್ದಕ್ಕೆ ಬಿಸಿಲು ತಾಗಿಲ್ಲ. ಅವುಗಳ ಚಿತ್ರ ನೋಡಿದಾಗ ನನಗೆ ನಮ್ಮ ಅಜ್ಜಿಯ ಕೌದಿ ನೆನಪಾಯಿತು. ಇದು ನಿಮ್ಮಪ್ಪನ ಅಂಗಿ, ಇದು ನಿನ್ನ ಕುಲಾಯಿ ಅಂತ ಬೆರಳಿಟ್ಟು ತೋರಿಸುತ್ತಿದ್ದಳು. ಕೌದಿಯಲ್ಲಿ ತುಂಡುಗಳು ಒಂದಕ್ಕೊಂದು ಕೂಡಿವೆ. ಇಲ್ಲಿ ಒಂದೊಂದೂ ಬೇರೆ ಬೇರೆ ಹಾಳೆಗೆ ಚುಚ್ಚಿಕೊಂಡು ಕೂತಿವೆ.

1756ರಿಂದ 1760ರವರೆಗೆ ಸಂಸತ್ತು ದುಡ್ಡು ಕೊಟ್ಟು, ಬಂದ ಮಕ್ಕಳನ್ನೆಲ್ಲ ತೆಗೆದುಕೊಳ್ಳಿ ಅಂದಿತು. ಗೇಟಿಗೆ ಬುಟ್ಟಿ ನೇತುಹಾಕಿದರು. ನಾಲ್ಕು ವರ್ಷಕ್ಕೆ ಸುಮಾರು 15,000 ಕೂಸುಗಳು ಬಂದವು. ಮೂರರಲ್ಲಿ ಎರಡರಷ್ಟು ಉಳಿಯಲಿಲ್ಲ. 1741ರಿಂದ 1760ರವರೆಗೆ ಒಟ್ಟು ಹದಿನಾರು ಸಾವಿರಕ್ಕೂ ಹೆಚ್ಚು ಮಕ್ಕಳು ಒಳಗೆ ಹೋದರು. ಹೆತ್ತವರು ಬಂದು ವಾಪಸು ಕರೆದುಕೊಂಡು ಹೋದದ್ದು 152 ಮಕ್ಕಳನ್ನು.

ನಮ್ಮ ಕಡೆಯವರಿಗೆ ಇನ್ನೂ ಹತ್ತಿರದ ಕಥೆ ಪೂರ್ವ ಲಂಡನ್ನಿನಲ್ಲಿದೆ. ಹ್ಯಾಕ್ನಿಯ ಮೇರ್ ಸ್ಟ್ರೀಟ್‌ನಿಂದ ಒಳಗೆ ತಿರುಗುವ ಕಿಂಗ್ ಎಡ್ವರ್ಡ್ಸ್ ರೋಡ್ ಇದೆಯಲ್ಲ, ಅದರ 26ನೇ ನಂಬರಿನ ಮನೆ. 1900ರಿಂದ 1921ರವರೆಗೆ ಅದು ಆಯಾಗಳ ಮನೆಯಾಗಿತ್ತು. ಇಂಡಿಯಾದಿಂದ ಹಡಗಿನಲ್ಲಿ ದೊರೆಸಾನಿಯ ಮಕ್ಕಳನ್ನು ನೋಡಿಕೊಂಡು ಬಂದ ಹೆಣ್ಣುಮಕ್ಕಳು. ಹಡಗು ಇಳಿದ ಮೇಲೆ ಕೆಲವರಿಗೆ ವಾಪಸು ಟಿಕೆಟ್ ಸಿಗುತ್ತಿತ್ತು. ಕೆಲವರನ್ನು ಹಾಗೇ ಬಿಟ್ಟುಬಿಡುತ್ತಿದ್ದರು, ಚಳಿಯ ಲಂಡನ್ನಿನಲ್ಲಿ, ಕೈಯಲ್ಲಿ ಕಾಸಿಲ್ಲದೆ. ಈ ಮನೆ ನಡೆಸುತ್ತಿದ್ದದ್ದು ಕ್ರೈಸ್ತ ಮಿಷನ್ನಿನವರು. ಟಿಕೆಟ್ಟನ್ನು ಮನೆಯ ಮೇಲ್ವಿಚಾರಕಿ ಇಟ್ಟುಕೊಂಡು, ಇಂಡಿಯಾಕ್ಕೆ ಹೊರಟ ಇನ್ನೊಂದು ಕುಟುಂಬವನ್ನು ಹುಡುಕಿ, ಈ ಆಯಾಳನ್ನು ಅವರ ಜೊತೆ ಕಳಿಸುತ್ತಿದ್ದಳು. ಹೋಗುವಾಗಲೂ ಮಗು ಹೊತ್ತುಕೊಂಡೇ ಹೋಗಬೇಕು. ಹೀಗೆ 54 ಸಲ ಸಮುದ್ರ ದಾಟಿದ್ದೇನೆ ಅಂದ ಒಬ್ಬ ಆಯಾ ಇದ್ದಳು. ಇಷ್ಟು ಸಲ ಸಮುದ್ರ ದಾಟಿದವರು ನಮ್ಮ ಗುಂಪಿನಲ್ಲಿ ಯಾರಿದ್ದಾರೆ, ವಿಮಾನದಲ್ಲಾದರೂ?

ಹಡಗಿನ ಪಟ್ಟಿಗಳಲ್ಲಿ ಇವರನ್ನು ಹೇಗೆ ಬರೆದಿದ್ದಾರೆ ಗೊತ್ತೇ? "ಮಿಸೆಸ್ ಇಂಥವರ ಆಯಾ." ಅಷ್ಟೇ. ಊರಿಲ್ಲ, ಭಾಷೆಯಿಲ್ಲ, ಅಪ್ಪ ಅಮ್ಮ ಇಟ್ಟ ಹೆಸರಿಲ್ಲ.

ಅದೇ ಮೇರ್ ಸ್ಟ್ರೀಟ್‌ನಲ್ಲಿ, ಅದಕ್ಕೂ ಹಿಂದೆ, ಪೆಂಬ್ರೋಕ್ ಹೌಸ್ ಅಂತ ಒಂದು ಅಸೈಲಂ ಇತ್ತು. 1818ರಿಂದ ಸುಮಾರು ಅರ್ಧ ಶತಮಾನ. ಈಸ್ಟ್ ಇಂಡಿಯಾ ಕಂಪನಿಯ ಕೆಲಸದಲ್ಲಿದ್ದು ಇಂಡಿಯಾದಲ್ಲಿ ಬುದ್ಧಿ ಕೆಟ್ಟ ಸಿಪಾಯಿಗಳನ್ನು, ಅಧಿಕಾರಿಗಳನ್ನು ಹಡಗು ಹತ್ತಿಸಿ ಇಲ್ಲಿಗೆ ಕಳಿಸುತ್ತಿದ್ದರು. ಆಳುವವರಿಗೆ ಹುಚ್ಚು ಹಿಡಿದಿದ್ದನ್ನು ಆಳಿಸಿಕೊಳ್ಳುವವರು ನೋಡಬಾರದಲ್ಲ. ಹುಚ್ಚು ಹಿಡಿದ ದೊರೆಗಳಿಗೆ ಕಂಪನಿ ಖರ್ಚಿನಲ್ಲಿ ಆಸ್ಪತ್ರೆ, ಅವರಂಥವರ ಮಕ್ಕಳನ್ನು ಎತ್ತಿ ಆಡಿಸಿದವಳಿಗೆ ಮಿಷನ್ನಿನ ಮರ್ಜಿ. ಎರಡೂ ಒಂದೇ ಕೇರಿಯಲ್ಲಿ. ಹೀಗೆ ಬರೆಯುವಾಗ ನನಗೆ ಸ್ವಲ್ಪ ಸಿಟ್ಟು ಬರುತ್ತದೆ, ಕ್ಷಮಿಸಿ.

ಆದರೆ ಆಯಾಗಳ ಮನೆಗೆ 2022ರ ಜೂನ್‌ನಲ್ಲಿ ನೀಲಿ ಫಲಕ ಬಂತು, ಇದು ಚರಿತ್ರೆಯ ಜಾಗ ಅಂತ ಇಲ್ಲಿ ಗೋಡೆಗೆ ಹಾಕುತ್ತಾರಲ್ಲ, ಅದು. ತಾನಾಗಿ ಬರಲಿಲ್ಲ. ಪೂರ್ವ ಲಂಡನ್ನಿನ ಒಬ್ಬ ಹೆಣ್ಣುಮಗಳು, ಟಿವಿಯಲ್ಲಿ ಈ ಮನೆಯ ಹೆಸರು ಕೇಳಿ, ಹೋಗಿ ನೋಡಿ, ಗೋಡೆಯ ಮೇಲೆ ಏನೂ ಇಲ್ಲವಲ್ಲ ಎಂದು ವರ್ಷಗಟ್ಟಲೆ ಬೆನ್ನು ಹತ್ತಿ ಬರಿಸಿದಳು. ಹಾಗಾದರೆ ಆಗುತ್ತದೆ ಅಲ್ವಾ?

ಈಗ ಲಂಡನ್ನಿನ ಪಕ್ಕದ ಎಪ್ಸಮ್‌ಗೆ ಬರುತ್ತೇನೆ. ನಮ್ಮವರು ಬಹಳ ಜನ ಆ ಕಡೆ ಮನೆ ಮಾಡಿದ್ದೀರಿ. ಅಲ್ಲಿ ಲಂಡನ್ ಕೌಂಟಿ ಕೌನ್ಸಿಲ್ ಒಂದರ ಪಕ್ಕ ಒಂದು ಐದು ಆಸ್ಪತ್ರೆ ಕಟ್ಟಿತ್ತು. ಮ್ಯಾನರ್, ಹಾರ್ಟನ್, ಸೇಂಟ್ ಎಬ್ಬಾಸ್, ಲಾಂಗ್ ಗ್ರೋವ್, ವೆಸ್ಟ್ ಪಾರ್ಕ್. ಈಗ ಅಲ್ಲೆಲ್ಲ ಮನೆಗಳಾಗಿವೆ. ಚಂದದ ರಸ್ತೆಗಳು, ಒಳ್ಳೇ ಶಾಲೆ. ಆಸ್ಪತ್ರೆಗಳಿಗೆ ಸೇರಿದ ಒಂದು ಸ್ಮಶಾನ ಇತ್ತು, ಹಾರ್ಟನ್ ಸಿಮೆಟರಿ. 1899ರಿಂದ 1955ರವರೆಗೆ ಸುಮಾರು 9,000 ರೋಗಿಗಳನ್ನು ಅಲ್ಲಿ ಹೂಳಿದರು. ಬಿಡಿಸಿಕೊಂಡು ಹೋಗಲು ಯಾರೂ ಬರದವರು. 1983ರಲ್ಲಿ ಆ ಸ್ಮಶಾನವನ್ನೇ ಒಬ್ಬ ಖಾಸಗಿ ವ್ಯಾಪಾರಿಗೆ ಮಾರಿಬಿಟ್ಟರು. ಹೆಣಗಳ ಸಮೇತ. ಮರಗಿಡ ಬೆಳೆದು ಕಾಡಾಗಿದೆ. ಗೋರಿಕಲ್ಲುಗಳು ಉಳಿದಿಲ್ಲ. ಕಾರಿನಲ್ಲಿ ಹೋಗುವಾಗ ನೋಡಿದರೆ ಪಾಳುಬಿದ್ದ ತೋಪು ಅಷ್ಟೇ.

ಊರಿನ ಕೆಲವರು ಒಂದು ಸಂಘ ಮಾಡಿಕೊಂಡು ಆ 9,000 ಜನರ ಹೆಸರು ಹುಡುಕಿ, ಒಬ್ಬೊಬ್ಬರ ಕಥೆ ಬರೆಯುತ್ತಿದ್ದಾರೆ. ಯಾವ ಬೀದಿಯವರು, ಏನು ಕೆಲಸ ಮಾಡುತ್ತಿದ್ದರು, ಎಷ್ಟು ಮಕ್ಕಳು. ರಾತ್ರಿ ಪಾಳಿ ಮುಗಿಸಿ ಬಂದು ನಾನು ಅವನ್ನು ಓದುತ್ತೇನೆ. ನಿದ್ದೆ ಬರುವುದಿಲ್ಲ.

ಅಸೈಲಂಗಳನ್ನು ಮುಚ್ಚಿದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. 1954ರ ಹೊತ್ತಿಗೆ ಅವುಗಳಲ್ಲಿ ಒಂದೂವರೆ ಲಕ್ಷದ ಹತ್ತಿರ ಜನ ಇದ್ದರು. 1961ರಲ್ಲಿ ಆರೋಗ್ಯ ಮಂತ್ರಿ ಇನಾಕ್ ಪೊವೆಲ್ ಅದೇ ನೀರಿನ ಗೋಪುರಗಳ ಹೆಸರೆತ್ತಿ, ಇವು ಹೋಗಬೇಕು ಎಂದು ಭಾಷಣ ಮಾಡಿದರು. ಹೋಗಬೇಕಿತ್ತು. ಆದರೆ ನನ್ನ ವಾರ್ಡಿನಲ್ಲಿ ಹಾಸಿಗೆ ಸಿಗದೆ ಒಬ್ಬ ಹುಡುಗನನ್ನು ನೂರಾರು ಮೈಲಿ ದೂರ ಕಳಿಸಬೇಕಾದ ದಿನ, ಆ ಉದ್ದದ ಕಟ್ಟಡಗಳು, ಆ ತೋಪು, ಆ ಹೊಲ ಎಲ್ಲ ಮಾರಿದ ದುಡ್ಡು ಎಲ್ಲಿ ಹೋಯಿತು ಅನ್ನಿಸುತ್ತದೆ. ಇನ್ನೊಂದು ಮಾತು. ಇಲ್ಲಿನ ಡಾಕ್ಟರುಗಳು ಬೇಡ ಅಂದ ಆ ಹಿಂದಿನ ವಾರ್ಡುಗಳಲ್ಲಿ 60-70ರ ದಶಕದಲ್ಲಿ ದುಡಿದವರಲ್ಲಿ ನಮ್ಮ ದೇಶದ ಡಾಕ್ಟರುಗಳು ಬಹಳ. ಮುದುಕರ ವಾರ್ಡು, ಮನೋರೋಗದ ವಾರ್ಡು, ಅಲ್ಲೇ ಅವರಿಗೆ ಕೆಲಸ ಸಿಗುತ್ತಿದ್ದದ್ದು. ಹಾಗಾಗಿ ಈ ಕಟ್ಟಡಗಳಿಗೂ ನಮಗೂ ಸಂಬಂಧವೇ ಇಲ್ಲ ಅನ್ನಬೇಡಿ.

ಮನೆ ಕೊಳ್ಳಬೇಡಿ ಅಂತಲೂ ಹೇಳುವುದಿಲ್ಲ. ಕೊಳ್ಳಿ. ಖಾಲಿ ಬಿಟ್ಟು ಪಾರಿವಾಳ ಸಾಕುವುದಕ್ಕಿಂತ ಅಲ್ಲಿ ಮಕ್ಕಳು ಓಡಾಡಲಿ, ಒಗ್ಗರಣೆ ವಾಸನೆ ಬರಲಿ. ಆದರೆ ಕೊಳ್ಳುವಾಗ ಕೇಳಿ. ಕಟ್ಟಡ ಏನಾಗಿತ್ತು, ಯಾವ ವರ್ಷದಿಂದ ಯಾವ ವರ್ಷದವರೆಗೆ, ಸತ್ತವರನ್ನು ಎಲ್ಲಿ ಹೂಳಿದರು. ಮಾರುವವರಿಗೆ ಗೊತ್ತಿಲ್ಲ ಅಂದರೆ ಗೊತ್ತು ಮಾಡಿಕೊಂಡು ಬನ್ನಿ ಅನ್ನಿ. ಲಕ್ಷಗಟ್ಟಲೆ ಪೌಂಡ್ ಕೊಡುವವರಿಗೆ ಕೇಳುವ ಹಕ್ಕಿಲ್ಲವೇ? ಈಗಾಗಲೇ ಅಲ್ಲಿರುವವರು ನಿವಾಸಿಗಳ ಸಭೆಯಲ್ಲಿ ಬರೀ ಪಾರ್ಕಿಂಗ್ ಜಗಳ ಆಡಬೇಡಿ. ಗೇಟಿನ ಹತ್ತಿರ ಒಂದು ಫಲಕ ಹಾಕಿಸಿ. "ವಿಕ್ಟೋರಿಯನ್ ವೈಭವ" ಅಂತ ಅಲ್ಲ. ಇದು ಇಂಥ ಅಸೈಲಂ, ಇಷ್ಟು ಜನ ಇಲ್ಲಿ ಬದುಕಿದರು, ಸತ್ತರು ಅಂತ. ಕ್ಲರ್ಕನ್‌ವೆಲ್‌ನಲ್ಲಿರುವ ಲಂಡನ್ ಆರ್ಕೈವ್ಸ್‌ನಲ್ಲಿ ಕೋಲ್ನಿ ಹ್ಯಾಚ್‌ನ ದಫ್ತರುಗಳೂ ಇವೆ, ಫೌಂಡ್ಲಿಂಗ್ ಮಕ್ಕಳ ಚೀಟಿಗಳೂ ಇವೆ. ರೋಗಿಗಳ ಕಡತ ಸಾಮಾನ್ಯವಾಗಿ ನೂರು ವರ್ಷ ಮುಚ್ಚಿರುತ್ತದೆ, ಹಳೇವನ್ನು ನೋಡಬಹುದು. ಸಾಫ್ಟ್‌ವೇರ್‌ನವರೇ, ಇಷ್ಟು ಹೆಸರುಗಳ ಪಟ್ಟಿ ಮಾಡುವುದು ನಿಮಗೆ ಎಷ್ಟು ಹೊತ್ತಿನ ಕೆಲಸ?

ಇನ್ನು ಆ ಶಾಂತಿ ವಿಷಯ. ನಾನು ಪುರೋಹಿತರ ಮನೆಯವಳಲ್ಲ. ಆದರೆ ನಮ್ಮ ಪಕ್ಕದ ಮನೆ ಆಚಾರರು ಪಕ್ಷಮಾಸದಲ್ಲಿ ತರ್ಪಣ ಬಿಡುವುದನ್ನು ಚಿಕ್ಕಂದಿನಲ್ಲಿ ನೋಡುತ್ತಿದ್ದೆ. ಅಪ್ಪ, ಅಜ್ಜ, ಮುತ್ತಜ್ಜ ಎಂದು ಒಬ್ಬೊಬ್ಬರ ಹೆಸರು ಹೇಳಿ ನೀರು ಬಿಡುತ್ತಿದ್ದರು. ಎಲ್ಲ ಮುಗಿದ ಮೇಲೆ ಕೊನೆಗೆ ಒಂದು ಸಲ ಬಿಡುತ್ತಿದ್ದರು. ಅದು ಯಾರಿಗೆ ಅಂತ ಕೇಳಿದ್ದೆ. "ತಾಯಿ ತಂದೆ ಬಂಧು ಬಳಗ ಯಾರೂ ಇಲ್ಲದೆ ಹೋದವರಿಗವ್ವ" ಅಂದಿದ್ದರು. ಅದಕ್ಕೆ ಮಂತ್ರವೇ ಇದೆಯಂತೆ. ಶಾಂತಿ ಬೇಕೇ ಬೇಕು ಅನ್ನುವವರು ಅದನ್ನು ಹೇಳಿಸಿ. ದೆವ್ವ ಓಡಿಸಲಿಕ್ಕಲ್ಲ.

ಮಹಾಲಯ ಅಮಾವಾಸ್ಯೆ ಆದ ಮೇಲಿನ ಮೊದಲ ಭಾನುವಾರ ನಾನು ಹಾರ್ಟನ್ ಸಿಮೆಟರಿ ಕಡೆ ಹೋಗುತ್ತಿದ್ದೇನೆ. ಖಾಸಗಿ ಜಾಗ, ಒಳಗೆ ಬಿಡುವುದಿಲ್ಲ. ಬೇಲಿಯ ಹೊರಗೆ ನಿಂತು, ಆ ಸಂಘದವರು ಹುಡುಕಿದ ಹೆಸರುಗಳಲ್ಲಿ ಒಂದಿಷ್ಟನ್ನು ಗಟ್ಟಿಯಾಗಿ ಓದಬೇಕು ಅಂತ. ಐವತ್ತೋ, ನೂರೋ, ಗಂಟಲು ಇರುವಷ್ಟು. ಬೆಳಿಗ್ಗೆ ಹನ್ನೊಂದಕ್ಕೆ ಎಪ್ಸಮ್ ಸ್ಟೇಷನ್ ಹೊರಗೆ ಸಿಗುತ್ತೇನೆ. ರೊಟ್ಟಿ, ಶೇಂಗಾ ಚಟ್ನಿ, ಮೊಸರು ಕಟ್ಟಿಕೊಂಡು ಬರುತ್ತೇನೆ, ಹತ್ತು ಜನರಿಗೆ ಆಗುವಷ್ಟು. ಪುರೋಹಿತರ ನಂಬರ್ ಕೇಳಿದವರೇ, ನೀವೂ ಬನ್ನಿ. ಮಳೆ ಬಂದೇ ಬರುತ್ತದೆ, ಕೊಡೆ ಮರೆಯಬೇಡಿ.

ಇಂತಿ,
ನಿಮ್ಮ ಗುಂಪಿನಲ್ಲಿ ಸಾಮಾನ್ಯವಾಗಿ ಸುಮ್ನೆ ಇರುವ ಒಬ್ಬಳು ನರ್ಸ್